ಹೊಟ್ಟೆಯ ಪಾಸ್‌ಬುಕ್

ಮಕ್ಕಳೇ, ಈ ವಾರ ಒಂದು ವಿಚಿತ್ರ ಕುರ್ಚಿಯ ಕಥೆಯಿಂದ ಶುರು ಮಾಡೋಣ. ಅಜ್ಜ-ಅಜ್ಜಿಯರೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತುಕೊಳ್ಳಲಿ. ಇದು ಇಬ್ಬರಿಗೂ ಸೇರಿದ ಲೆಕ್ಕ.

ಸುಮಾರು ನಾನೂರು ವರ್ಷಗಳ ಹಿಂದೆ ಇಟಲಿ ದೇಶದಲ್ಲಿ ಸ್ಯಾಂಟೋರಿಯೊ ಎಂಬ ವೈದ್ಯನಿದ್ದ. ಅವನು ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿ ತೂಗುಹಾಕಿ, ಅದರಲ್ಲೇ ಕೂತು ಊಟ ಮಾಡುತ್ತಿದ್ದ. ತಿಂದದ್ದೆಷ್ಟು, ಕುಡಿದದ್ದೆಷ್ಟು, ಮಲಮೂತ್ರವಾಗಿ ಹೋದದ್ದೆಷ್ಟು, ಎಲ್ಲವನ್ನೂ ತೂಗಿ ಬರೆದಿಡುತ್ತಿದ್ದ. ಒಂದೆರಡು ದಿನವಲ್ಲ, ವರ್ಷಗಟ್ಟಲೆ! 1614ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಆದರೆ ಅವನ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಒಳಗೆ ಹೋದದ್ದು ಎಂಟು ಪಾಲಾದರೆ, ಹೊರಗೆ ಬಂದದ್ದು ಮೂರೇ ಪಾಲು. ಮಿಕ್ಕ ಐದು ಪಾಲು ಎಲ್ಲಿ ಹೋಯಿತು?

ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ರೂಪಾಯಿ ವ್ಯತ್ಯಾಸಕ್ಕೂ ಇಡೀ ಕಟ್ಟು ಮತ್ತೆ ಎಣಿಸುತ್ತಿದ್ದೆವು. ಆದ್ದರಿಂದ ಈ ಪುಣ್ಯಾತ್ಮನ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಿಕ್ಕ ಪಾಲು ಕಣ್ಣಿಗೆ ಕಾಣದಂತೆ ಮೈಯಿಂದ ಹೊರಗೆ ಹೋಗುತ್ತಿದೆ ಎಂದು ಅವನು ಊಹಿಸಿದ. ಊಹೆ ಬಹುಮಟ್ಟಿಗೆ ಸರಿಯಾಗಿತ್ತು. ಬೆವರಿನಲ್ಲೂ ಉಸಿರಿನ ತೇವದಲ್ಲೂ ನೀರು ಹೋಗುತ್ತದೆ, ಜೊತೆಗೆ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ಒಂದು ತಮಾಷೆ ಕೇಳಿ. ಮೈಯಲ್ಲಿ 10 ಕಿಲೋ ಕೊಬ್ಬು ಕರಗಿತು ಅಂದುಕೊಳ್ಳಿ. ಅದರಲ್ಲಿ ಸುಮಾರು 8.4 ಕಿಲೋ ಉಸಿರಿನ ಮೂಲಕ ಗಾಳಿಗೆ ಸೇರುತ್ತದೆ, 1.6 ಕಿಲೋ ಮಾತ್ರ ನೀರಾಗುತ್ತದೆ. "ಕಂಬಳಿ ಹೊದ್ದು ಬೆವರು ಸುರಿಸಿದೆ, ಬೊಜ್ಜು ಕರಗಿತು" ಅನ್ನುವವರು ಇದನ್ನು ಗಮನಿಸಬೇಕು. ಬೆವರಿನಲ್ಲಿ ಹೋದದ್ದು ನೀರು. ಎರಡು ಲೋಟ ಮಜ್ಜಿಗೆ ಕುಡಿದರೆ ಮತ್ತೆ ಖಾತೆಗೆ ಜಮಾ. ಹಾಗಂತ ಕೂತಲ್ಲೇ ಬುಸುಬುಸು ಉಸಿರು ಬಿಟ್ಟರೂ ಕೊಬ್ಬು ಕರಗುವುದಿಲ್ಲ. ಮೈ ಕೆಲಸ ಮಾಡಿದಾಗ ಅಥವಾ ಊಟ ಕಡಿಮೆಯಾದಾಗ ಕೂಡಿಟ್ಟದ್ದು ಉರಿಯಬೇಕು, ಆಗ ಅದು ಉಸಿರಾಗಿ ಹೋಗುತ್ತದೆ.

ಜಮಾ ಮತ್ತು ಖರ್ಚು

ತಿಂದದ್ದನ್ನು ಮೈ ಹೇಗೆ ಬಳಸುತ್ತದೆ ಎಂಬುದಕ್ಕೆ ಕನ್ನಡದ ಪಠ್ಯಪುಸ್ತಕದಲ್ಲಿ ಚಯಾಪಚಯ ಎಂಬ ಪದವಿದೆ. ಹೈಸ್ಕೂಲು ಮಕ್ಕಳು ಬಾಯಿಪಾಠ ಮಾಡುವ ಪದ. ಬಿಡಿಸಿ ನೋಡಿದರೆ ಸುಲಭ. ಚಯ ಎಂದರೆ ಕೂಡಿಡುವುದು, ಅಪಚಯ ಎಂದರೆ ಕಳೆಯುವುದು. ಅಂದರೆ ಜಮಾ ಮತ್ತು ಖರ್ಚು. ನಮ್ಮ ಮೈಯೇ ಒಂದು ಪಾಸ್‌ಬುಕ್. ರೂಪಾಯಿ ಬದಲು ಅಲ್ಲಿ ಕ್ಯಾಲೊರಿ ಲೆಕ್ಕ. ಒಂದು ಗ್ರಾಂ ಅಕ್ಕಿ, ರಾಗಿ, ಸಕ್ಕರೆಗಳ ಪಿಷ್ಟದಿಂದ 4 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನಿನಿಂದ 4, ಎಣ್ಣೆ-ಬೆಣ್ಣೆಯ ಒಂದು ಗ್ರಾಂ ಕೊಬ್ಬಿನಿಂದ 9.

ಖರ್ಚಿನ ಕಡೆ ಮೂರು ಬಾಬತ್ತು. ಮೊದಲನೆಯದು ಖಾಯಂ ಖರ್ಚು. ನೀವು ಮಲಗಿದ್ದರೂ ಹೃದಯ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಕರೆಂಟಿನ ಮಿನಿಮಮ್ ಬಿಲ್ ಬರುವ ಹಾಗೆ. ಕೂತು ಕೆಲಸ ಮಾಡುವವರಲ್ಲಿ ದಿನದ ಖರ್ಚಿನ 60ರಿಂದ 70 ಭಾಗ ಇದಕ್ಕೇ ಹೋಗುತ್ತದೆ. ಮಿದುಳು ಮೈತೂಕದ ನೂರಕ್ಕೆ 2 ಭಾಗವಿದ್ದರೂ ಈ ಖಾಯಂ ಖರ್ಚಿನಲ್ಲಿ ಸುಮಾರು ಐದನೇ ಒಂದು ಪಾಲು ತಿನ್ನುತ್ತದೆ! ಎರಡನೆಯದು ಜೀರ್ಣ ಮಾಡುವ ಖರ್ಚು, ನೂರಕ್ಕೆ ಸುಮಾರು 10. ಮೂರನೆಯದು ಓಡಾಟ, ಕೆಲಸ, ಆಟ. ನಮ್ಮ ಕೈಯಲ್ಲಿ ನಿಜವಾಗಿ ಇರುವುದು ಈ ಮೂರನೆಯದು.

"ನಲವತ್ತು ದಾಟಿದ ಮೇಲೆ ಚಯಾಪಚಯ ನಿಧಾನ ಆಗುತ್ತೆ, ಅದಕ್ಕೇ ಹೊಟ್ಟೆ ಬಂತು" ಎಂದು ಎಲ್ಲರೂ ಹೇಳುತ್ತಾರೆ. 2021ರಲ್ಲಿ 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರನ್ನು, ಎಂಟು ದಿನದ ಕೂಸಿನಿಂದ 95 ವರ್ಷದ ಮುದುಕರವರೆಗೆ, ಅಳೆದು ನೋಡಿದ ಅಧ್ಯಯನ ಬೇರೆಯೇ ಹೇಳಿತು. ಮೈಗಾತ್ರಕ್ಕೆ ಹೋಲಿಸಿದರೆ ಒಂದು ವರ್ಷದ ಕೂಸು ದೊಡ್ಡವರಿಗಿಂತ ಒಂದೂವರೆ ಪಟ್ಟು ವೇಗವಾಗಿ ಶಕ್ತಿ ಖರ್ಚು ಮಾಡುತ್ತದೆ. ಆಮೇಲೆ ನಿಧಾನವಾಗಿ ಇಳಿದು, 20ರಿಂದ 60ರವರೆಗೆ ಹೆಚ್ಚುಕಡಿಮೆ ಒಂದೇ ಸಮ. ಇಳಿತ ಶುರುವಾಗುವುದು 60ರ ಮೇಲೆ, ಅದೂ ವರ್ಷಕ್ಕೆ ನೂರಕ್ಕೆ ಮುಕ್ಕಾಲಿಗಿಂತಲೂ ಕಡಿಮೆ. ಹಾಗಾದರೆ ನಲವತ್ತರ ಹೊಟ್ಟೆಗೆ ಕಾರಣ ವಯಸ್ಸಲ್ಲ. ಜಮಾ ಏರಿತು, ಇಲ್ಲವೇ ಓಡಾಟ ಇಳಿಯಿತು, ಅಥವಾ ಎರಡೂ ಆಯಿತು. ಥೈರಾಯ್ಡ್ ಗ್ರಂಥಿ ಸೋತಿದ್ದರೂ ಮೈ ನಿಧಾನವಾಗುವುದುಂಟು. ಅದನ್ನು ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯಬಹುದು.

ನಮ್ಮೂರ ಖಾತೆ ಹೇಗೆ ಬದಲಾಯಿತು

ಬಿಳಿಚೋಡು ಇರುವುದು ಜಗಳೂರು ತಾಲ್ಲೂಕಿನಲ್ಲಿ. ಬರ ಎಂದರೇನು ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆ ನೆಚ್ಚಿದ ಹೊಲ, ರಾಗಿ, ಜೋಳ, ನವಣೆ, ಸಾವೆ, ಹುರುಳಿ. ನೀರು ಸೇದಬೇಕು, ಬೀಸುವ ಕಲ್ಲು ತಿರುಗಿಸಬೇಕು, ಹೊಲಕ್ಕೆ ನಡೆದೇ ಹೋಗಬೇಕು. ಎರಡು ಮುದ್ದೆ ಉಂಡರೂ ಸಂಜೆಗೆ ಖಾತೆ ಖಾಲಿ. ಹೊಟ್ಟೆ ಬೆಳೆಯಲು ಅವಕಾಶವೇ ಇರಲಿಲ್ಲ.

ಈಗ ಹೊಲದ ತುಂಬ ಮೆಕ್ಕೆಜೋಳ. ಉಳುಮೆಗೆ ಟ್ರ್ಯಾಕ್ಟರ್, ಹೊಲಕ್ಕೆ ಹೋಗಲು ಬೈಕು, ಮನೆಯಲ್ಲಿ ನಲ್ಲಿ, ಮಿಕ್ಸಿ, ಗ್ರೈಂಡರ್. ಇದನ್ನು ನಾನು ದೂರುತ್ತಿಲ್ಲ. ಬೀಸುವ ಕಲ್ಲಿನ ಮುಂದೆ ಬೆಳಗಿನ ಜಾವ ಎದ್ದು ಕೂತ ಅಜ್ಜಿಯರನ್ನು ಕೇಳಿ, ಅದು ಮತ್ತೆ ಬರಲಿ ಎಂದು ಒಬ್ಬರೂ ಹೇಳುವುದಿಲ್ಲ. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದಾಗ ಎಷ್ಟೋ ಮನೆಗಳಲ್ಲಿ ಹಸಿವಿನ ಭಯ ಹೋಯಿತು. ಅದು ಸಣ್ಣ ಮಾತಲ್ಲ. ನಾನು ಹೇಳುವುದು ಇಷ್ಟೇ: ಖರ್ಚಿನ ಬಾಬತ್ತು ಅರ್ಧಕ್ಕೆ ಇಳಿದಿದೆ, ಆದರೆ ತಟ್ಟೆಯ ಅಳತೆ ಹೊಲದ ಕಾಲದ್ದೇ ಉಳಿದಿದೆ. ಅದರ ಮೇಲೆ ಟೀ ಜೊತೆ ಬೇಕರಿ ಬನ್ನು, ಸಂಜೆ ಮಂಡಕ್ಕಿ ಮಿರ್ಚಿ, ದಾವಣಗೆರೆಗೆ ಹೋದರೆ ಬೆಣ್ಣೆದೋಸೆ.

ಇದರ ಫಲ ಲೆಕ್ಕದಲ್ಲಿ ಕಾಣುತ್ತಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ಸುತ್ತ ಬೊಜ್ಜು. ಇನ್ನೊಂದು ಕಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಅಪ್ಪನಿಗೆ ಹೊಟ್ಟೆ ಹೆಚ್ಚು, ಮಗುವಿಗೆ ಪೌಷ್ಟಿಕ ಕಡಿಮೆ. ಹಾಗಾಗಿ "ಎಲ್ಲರೂ ಕಡಿಮೆ ತಿನ್ನಿ" ಎನ್ನುವ ಮಾತು ನಮ್ಮ ಮನೆಗಳಿಗೆ ಹೊಂದುವುದಿಲ್ಲ.

ರಾಗಿಯೋ ಅಕ್ಕಿಯೋ

ಕನಕದಾಸರ 'ರಾಮಧಾನ್ಯಚರಿತೆ'ಯ ಕಥೆ ನಿಮಗೆ ಗೊತ್ತಿರಬೇಕು. ರಾಗಿಗೂ ಅಕ್ಕಿಗೂ ಜಗಳವಾಗುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ಬಂದಾಗ ಅಕ್ಕಿ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ರಾಗಿಗೆ ಗೆಲುವು.

ಆದರೆ ಕ್ಯಾಲೊರಿಯ ತಕ್ಕಡಿಯಲ್ಲಿ ಇಟ್ಟರೆ ಏನಾಗುತ್ತದೆ? 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, 100 ಗ್ರಾಂ ರಾಗಿಯಲ್ಲಿ ಸುಮಾರು 320. ಅಷ್ಟೇನೂ ದೊಡ್ಡ ವ್ಯತ್ಯಾಸವಿಲ್ಲ! ರಾಗಿಯ ಬಲ ಬೇರೆ ಕಡೆ ಇದೆ. ಅಕ್ಕಿಯಲ್ಲಿ ನಾರು 3 ಗ್ರಾಂ, ರಾಗಿಯಲ್ಲಿ 11. ನಾರು ಹೆಚ್ಚಿದ್ದರೆ ಹೊಟ್ಟೆ ಬೇಗ ತುಂಬುತ್ತದೆ, ಬೇಗ ಹಸಿಯುವುದಿಲ್ಲ. ಸುಣ್ಣದ ಅಂಶವೂ ರಾಗಿಯಲ್ಲಿ ಹೇರಳ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ್ದಕ್ಕೆ ಇಂಥ ಗುಣಗಳೂ ಕಾರಣ. ಹಾಗಂತ "ಸಿರಿಧಾನ್ಯ, ಎಷ್ಟು ತಿಂದರೂ ನಡೆಯುತ್ತೆ" ಅಂದರೆ ತಪ್ಪು. ನವಣೆ ಹಿಟ್ಟಿಗೆ ಬೆಲ್ಲ ತುಪ್ಪ ಹಾಕಿ ಉಂಡೆ ಕಟ್ಟಿದರೆ ಅದೂ ಉಂಡೆಯೇ.

ಆದ್ದರಿಂದ ಯಾವ ಧಾನ್ಯ ಎಂಬುದಕ್ಕಿಂತ ತಟ್ಟೆಯಲ್ಲಿ ಎಷ್ಟು ಜಾಗ ಎಂಬುದನ್ನು ನೋಡಿ. ಊಟದ ತಟ್ಟೆಯನ್ನು ಕಣ್ಣಂದಾಜಿನಲ್ಲಿ ಎರಡು ಪಾಲು ಮಾಡಿ. ಅರ್ಧ ತಟ್ಟೆ ಸೊಪ್ಪು, ತರಕಾರಿ, ಕೋಸಂಬರಿ. ಇನ್ನರ್ಧದಲ್ಲಿ ಒಂದು ಪಾಲು ಮುದ್ದೆ, ರೊಟ್ಟಿ ಅಥವಾ ಅನ್ನ. ಇನ್ನೊಂದು ಪಾಲು ಕಾಳು, ಬೇಳೆ, ಮೊಟ್ಟೆ, ಮೊಸರು. ನಮ್ಮ ಕಡೆಯ ಹುರುಳಿಕಾಳು, ಅವರೆ, ಅಲಸಂದೆ, ನುಗ್ಗೆಸೊಪ್ಪು, ದಂಟು, ಹೊಲದ ಬದುವಿನ ಅಣ್ಣೆಸೊಪ್ಪು, ಇವಕ್ಕೆ ದೊಡ್ಡ ದುಡ್ಡೂ ಬೇಡ. ಮುದ್ದೆ ಬಿಡಬೇಕಾಗಿಲ್ಲ. ಎರಡಿದ್ದದ್ದು ಒಂದಾಗಲಿ, ಬಸ್ಸಾರಿನ ಸೊಪ್ಪು-ಕಾಳು ಒಂದು ಸೌಟು ಹೆಚ್ಚಾಗಲಿ.

ಸಣ್ಣ ಮೊತ್ತದ ಕಳ್ಳರು

ಖಾತೆ ಏರುಪೇರಾಗುವುದು ಮದುವೆ ಊಟದಿಂದಲ್ಲ. ಮದುವೆ ಊಟ ವರ್ಷಕ್ಕೆ ನಾಲ್ಕು ಸಲ. ದಿನಾ ಬರುವ ಚಿಲ್ಲರೆ ಬಾಬತ್ತುಗಳೇ ಕೊನೆಗೆ ದೊಡ್ಡ ಮೊತ್ತವಾಗುವುದು.

ಟೀ ತಗೊಳ್ಳಿ. ಒಂದು ಚಿಕ್ಕ ಚಮಚ ಸಕ್ಕರೆ ಸುಮಾರು 5 ಗ್ರಾಂ, ಅಂದರೆ 20 ಕ್ಯಾಲೊರಿ. ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ. 40 ಗ್ರಾಂ, 160 ಕ್ಯಾಲೊರಿ. ತಿಂಗಳಿಗೆ 1 ಕಿಲೋ 200 ಗ್ರಾಂ ಸಕ್ಕರೆ, ಒಬ್ಬರಿಗೆ, ಬರೀ ಟೀಯಲ್ಲಿ! ದಿನಕ್ಕೆ 25 ಗ್ರಾಂ, ಅಂದರೆ ಇಂಥ ಸುಮಾರು ಐದು ಚಮಚದ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಬೆಲ್ಲ, ಜೇನೂ ಸೇರಿತು. ಬೆಲ್ಲಕ್ಕೆ ರಿಯಾಯಿತಿ ಇಲ್ಲ. ಮೈಯ ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಲೆಕ್ಕ ಹಾಕಿದರೆ, ಈ ದಿನದ 160 ಒಂದು ವರ್ಷಕ್ಕೆ ಏಳೂವರೆ ಕಿಲೋ ಆಗುತ್ತದೆ. ಕಾಗದದ ಮೇಲೆ! ನಿಜದಲ್ಲಿ ಅಷ್ಟು ಇಳಿಯುವುದಿಲ್ಲ. ತೂಕ ಇಳಿದ ಹಾಗೆ ಮೈಯೂ ಜಾಣತನದಿಂದ ತನ್ನ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಆದರೂ ದಾರಿ ಸರಿಯಾಗಿಯೇ ಇದೆ. ಸಕ್ಕರೆಯನ್ನು ಒಂದೇ ದಿನ ಬಿಡಬೇಡಿ. ವಾರಕ್ಕೆ ಅರ್ಧ ಚಮಚ ಇಳಿಸಿ. ನಾಲಿಗೆಗೆ ಗೊತ್ತೇ ಆಗುವುದಿಲ್ಲ.

ಎಣ್ಣೆಯ ಲೆಕ್ಕ ಇನ್ನೂ ಸುಲಭ, ಅಡುಗೆಮನೆಗೆ ಹೋಗದೆಯೇ ಮಾಡಬಹುದು. ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಬರುತ್ತದೆ? ಅದನ್ನು ತಲೆಗಳಿಂದ ಭಾಗಿಸಿ. ತಲೆಗೆ ಅರ್ಧ ಲೀಟರ್ ಬಂದರೆ ಸರಿ, ಒಂದು ಲೀಟರ್ ಬಂದರೆ ಮಾತಾಡಬೇಕು. ಯಾಕೆಂದರೆ ಊಟದ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ. 60 ಕಿಲೋ ತೂಕದವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 100. ಅಂದರೆ ಒಂದು ಚಮಚ ಎಣ್ಣೆಗೆ ಅರ್ಧ ಗಂಟೆ ನಡಿಗೆ! "ಬೆಳಿಗ್ಗೆ ವಾಕಿಂಗ್ ಮಾಡಿದ್ದೀನಿ" ಎಂದು ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟ್ ಮಿರ್ಚಿ ತಿಂದರೆ ಖಾತೆ ಓವರ್‌ಡ್ರಾಫ್ಟ್.

ಹಾಗಾದರೆ ನಡೆಯುವುದು ದಂಡವೇ? ಖಂಡಿತ ಅಲ್ಲ. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ, ಇಳಿದದ್ದು ನಿಲ್ಲುವುದು ನಡಿಗೆಯಿಂದ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ರಕ್ತದಲ್ಲಿ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ದೊಡ್ಡವರಿಗೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಶಾಲೆಯ ಮಕ್ಕಳಿಗೆ ದಿನಕ್ಕೆ 60 ನಿಮಿಷ ಓಡಾಟ, ಆಟ ಬೇಕೇ ಬೇಕು. ನಿದ್ದೆಗೆಟ್ಟರೂ ಮರುದಿನ ಹಸಿವು ಹೆಚ್ಚು, ಅದೂ ಸಿಹಿ ಮತ್ತು ಕರಿದದ್ದರ ಮೇಲೆ. ಆದ್ದರಿಂದ ಮೊಬೈಲು ಬೇಗ ಮಲಗಲಿ, ನೀವೂ ಬೇಗ ಮಲಗಿ.

ಅಜ್ಜ-ಅಜ್ಜಿಯರಿಗೆ ನಾಲ್ಕು ಮಾತು

ಅರವತ್ತು ದಾಟಿದವರು ತೂಕ ಇಳಿಸುವಾಗ ಒಂದು ಎಚ್ಚರ ಬೇಕು. ಊಟ ಬಿಟ್ಟು ಬೇಗ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಸ್ನಾಯು ನಮ್ಮ ಫಿಕ್ಸೆಡ್ ಡೆಪಾಸಿಟ್ ಇದ್ದ ಹಾಗೆ. ಮುರಿಸಿಕೊಂಡರೆ ಮತ್ತೆ ಕೂಡಿಸುವುದು ಕಷ್ಟ. ಸ್ನಾಯು ಹೋದರೆ ಕಾಲು ಸೋಲುತ್ತದೆ, ಬಚ್ಚಲಲ್ಲಿ ಜಾರಿ ಬೀಳುತ್ತೇವೆ. ಆದ್ದರಿಂದ ದಿನಕ್ಕೆರಡು ಹೊತ್ತು ಕಾಳು, ಬೇಳೆ, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ ಇರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಕೂರುವುದು: ಇದಕ್ಕೆ ಜಿಮ್ ಬೇಡ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಾವೇ ತೀರ್ಮಾನಿಸಿ ಊಟ ಬಿಡಬಾರದು, ಸಕ್ಕರೆ ಏಕಾಏಕಿ ಕುಸಿಯಬಹುದು. ವಾರದಲ್ಲಿ ಐದು ಕಿಲೋ ಇಳಿಸುತ್ತೇವೆ ಎನ್ನುವ ಪುಡಿ, ಬೆಲ್ಟು, ಕಷಾಯಗಳಿಗೆ ಪಿಂಚಣಿ ದುಡ್ಡು ಹಾಕಬೇಡಿ. ಈಗ ಬಂದಿರುವ ತೂಕ ಇಳಿಸುವ ಚುಚ್ಚುಮದ್ದೂ ವೈದ್ಯರ ಚೀಟಿ ಇಲ್ಲದೆ ಬೇಡ. ಏನೂ ಮಾಡದೆ ತಾನಾಗಿಯೇ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ಸುದ್ದಿಯಲ್ಲ. ಸಕ್ಕರೆ ಕಾಯಿಲೆ, ಕ್ಷಯ ಮುಂತಾದವು ಹಾಗೆ ತೋರಿಸಿಕೊಳ್ಳುತ್ತವೆ. ಕೂಡಲೇ ಆಸ್ಪತ್ರೆಗೆ ಹೋಗಿ.

ತೂಕದ ಯಂತ್ರ ಇಲ್ಲದಿದ್ದರೂ ಚಿಂತೆಯಿಲ್ಲ. ದರ್ಜಿಯ ಟೇಪು ಸಾಕು. ಹೊಟ್ಟೆ ಎಳೆದುಕೊಳ್ಳದೆ ಸೊಂಟದ ಸುತ್ತಳತೆ ನೋಡಿ. ನಮ್ಮ ದೇಶದವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆಯ ಗಂಟೆ.

ಮಕ್ಕಳ ಖಾತೆಯೇ ಬೇರೆ

ಈಗ ಬಹಳ ಮುಖ್ಯವಾದ ಮಾತು. ಮಕ್ಕಳೇ, ನೀವು ತೂಕ ಇಳಿಸಲು ಊಟ ಬಿಡಬೇಡಿ. ನಿಮ್ಮದು ಕಟ್ಟುತ್ತಿರುವ ಮನೆ, ಇಟ್ಟಿಗೆ ಸಿಮೆಂಟು ಬರುತ್ತಲೇ ಇರಬೇಕು. ಮೈ ಸ್ವಲ್ಪ ದಪ್ಪವಿದ್ದರೂ, ಎತ್ತರ ಬೆಳೆದ ಹಾಗೆ ಎಷ್ಟೋ ಮಕ್ಕಳಲ್ಲಿ ಅದು ಸರಿಹೋಗುತ್ತದೆ. ಬೇಕಾದದ್ದು ಆಟ, ಸೊಪ್ಪು-ತರಕಾರಿ, ಹೊತ್ತಿಗೆ ಊಟ. ಶಾಲೆಯಲ್ಲಿ ಕೊಡುವ ಬಿಸಿಯೂಟ, ಹಾಲು, 2024ರಿಂದ ಹಾಲಿನ ಜೊತೆ ಬರುವ ರಾಗಿ ಮಾಲ್ಟ್, ಇವನ್ನು ಚೆಲ್ಲಬೇಡಿ. ತೂಕದ ಬಗ್ಗೆ ನಿಜವಾಗಿ ಚಿಂತೆಯಿದ್ದರೆ ಮಕ್ಕಳ ವೈದ್ಯರು ನೋಡಿ ಹೇಳಲಿ.

ತರಗತಿಯಲ್ಲಿ ಯಾರನ್ನೂ "ಡುಮ್ಮಿ", "ಗುಂಡ", "ಕಡ್ಡಿ" ಎಂದು ಕರೆಯಬೇಡಿ. ಹಾಗೆ ಕರೆಸಿಕೊಂಡ ಮಗು ಆಟದ ಮೈದಾನಕ್ಕೇ ಬರುವುದನ್ನು ಬಿಡುತ್ತದೆ. ಎಲ್ಲರ ಮುಂದೆ ತಿನ್ನಲು ನಾಚಿ ಮೂಲೆಯಲ್ಲಿ ಕೂತು ತಿನ್ನುತ್ತದೆ. ಅವಮಾನದಿಂದ ಯಾರ ತೂಕವೂ ಇಳಿದದ್ದಿಲ್ಲ. ಮನೆಗೆ ಬಂದ ನೆಂಟರೂ ಮಗುವನ್ನು ಕಂಡೊಡನೆ ಮೈಯ ಮಾತು ಎತ್ತುವ ಅಭ್ಯಾಸ ಬಿಟ್ಟರೆ ಒಳ್ಳೆಯದು.

ಇನ್ನು ನಮ್ಮ ಮುದುಕರ ಪ್ರೀತಿ. ಬರ ಕಂಡ ತಲೆಮಾರು ನಮ್ಮದು. ಮಗು "ಸಾಕು" ಅಂದರೂ "ಇನ್ನೊಂದು ತುತ್ತು" ಅನ್ನುವುದು ನಮ್ಮ ಕೈಗೆ ಅಂಟಿದ ಗುಣ. ಹತ್ತು ರೂಪಾಯಿ ಕೊಟ್ಟು, ಅಂಗಡಿ ಮುಂದೆ ಮಾಲೆ ಕಟ್ಟಿದ ಪೊಟ್ಟಣ ತಗೋ ಎಂದು ಕಳಿಸುವುದೂ ಪ್ರೀತಿಯೇ. ಪ್ರೀತಿ ಹಾಗೇ ಇರಲಿ, ಪೊಟ್ಟಣ ಬದಲಾಗಲಿ. ಅದೇ ದುಡ್ಡಿಗೆ ಬಾಳೆಹಣ್ಣು ಬರುತ್ತದೆ, ಹುರಿದ ಶೇಂಗಾ ಬರುತ್ತದೆ. ಮಗು "ಸಾಕು" ಅಂದಾಗ ನಂಬಿ. ಹೊಟ್ಟೆ ತುಂಬಿದ್ದನ್ನು ಗುರುತಿಸುವುದು ಒಂದು ವಿದ್ಯೆ, ಅದನ್ನು ಅವರಿಂದ ಕಿತ್ತುಕೊಳ್ಳಬಾರದು.

ಈ ವಾರದ ಲೆಕ್ಕ

ಒಂದು ಹಳೆಯ ನೋಟ್‌ಬುಕ್ ತಗೊಳ್ಳಿ. ಮೊಮ್ಮಕ್ಕಳು ಬರೆಯಲಿ, ಅಜ್ಜ-ಅಜ್ಜಿ ಹೇಳಲಿ. ಏಳು ದಿನ, ದಿನಕ್ಕೆ ನಾಲ್ಕೇ ಸಾಲು. ಎಷ್ಟು ಲೋಟ ಟೀ, ಎಷ್ಟು ಚಮಚ ಸಕ್ಕರೆ? ಎಷ್ಟು ಹೊತ್ತು ನಡಿಗೆ ಅಥವಾ ಆಟ? ಊಟದಲ್ಲಿ ಸೊಪ್ಪು, ತರಕಾರಿ, ಕಾಳು ಇತ್ತೇ? ಎಷ್ಟು ಗಂಟೆ ನಿದ್ದೆ? ಸುಳ್ಳು ಬರೆಯಬಾರದು. ಯಾರೂ ಯಾರನ್ನೂ ಬೈಯಬಾರದು. ಏಳನೇ ದಿನ ಇಬ್ಬರೂ ಕೂತು ಕೂಡಿಸಿ. ಇಬ್ಬರೂ ಒಂದೊಂದನ್ನು ಮಾತ್ರ ಆರಿಸಿಕೊಂಡು ಮುಂದಿನ ವಾರ ಬದಲಾಯಿಸಿ. ಅಜ್ಜನದು ಟೀಯ ಅರ್ಧ ಚಮಚವಿರಬಹುದು, ಮೊಮ್ಮಗಳದು ಸಂಜೆಯ ಒಂದು ಗಂಟೆ ಕುಂಟೆಬಿಲ್ಲೆ ಇರಬಹುದು.

ದೊಡ್ಡವರಲ್ಲಿ ತಿಂಗಳಿಗೆ ಒಂದೆರಡು ಕಿಲೋ ಇಳಿದರೆ ಧಾರಾಳ. ಇಳಿಯದೆ ಏರದೆ ನಿಂತರೂ ಅದು ಗೆಲುವೇ. ಅವಸರ ಬೇಡ. ವರ್ಷಗಟ್ಟಲೆ ಚಿಲ್ಲರೆ ಚಿಲ್ಲರೆಯಾಗಿ ಕೂಡಿದ್ದು ಚಿಲ್ಲರೆ ಚಿಲ್ಲರೆಯಾಗಿಯೇ ಹೋಗಲಿ.